ಹಳಿ ಕೂಡುವಲ್ಲಿ ನಿಮ್ಮ ಕೆಲಸವಿದೆ

ರೈಲು ಹಳಿ ಗಟ್ಟಿಮುಟ್ಟಾದ ವಸ್ತು. ಮೀಟರಿಗೆ 60 ಕಿಲೋ ತೂಗುವ ಉಕ್ಕು ಅದು. ಹಗಲು ರಾತ್ರಿ ಸಾವಿರಾರು ಟನ್ ಹೊತ್ತರೂ ಜಗ್ಗುವುದಿಲ್ಲ. ಆದರೆ ಒಂದು ಹಳಿ ಮುಗಿದು ಇನ್ನೊಂದು ಶುರುವಾಗುವ ಜಾಗವಿದೆಯಲ್ಲ, ಆ ಸಂದು, ಅಲ್ಲೇ ತೊಂದರೆ. ರೈಲು ಹುಟ್ಟಿದಂದಿನಿಂದ ಎಂಜಿನಿಯರುಗಳು ಆ ಒಂದು ಜಾಗದ ಜೊತೆ ಗುದ್ದಾಡುತ್ತ ಬಂದಿದ್ದಾರೆ. ಬಹಳಷ್ಟು ಗೆದ್ದಿದ್ದಾರೆ, ಪೂರ್ತಿ ಗೆದ್ದಿಲ್ಲ. ಉಳಿದ ಪಾಲು ನಿಮ್ಮದು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರ ಜೊತೆ ಮಾತಿಗೆ ಕೂತಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಸಾರ್, ಮುಖ್ಯವಾದದ್ದನ್ನೆಲ್ಲ ಯಾರೋ ಆಗಲೇ ಕಂಡುಹಿಡಿದಿದ್ದಾರೆ. ನಮಗೇನು ಉಳಿದಿದೆ?" ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇದು ನಿಜವಲ್ಲ ಎಂದು ತೋರಿಸಲು ಹಳಿಯ ಸಂದಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅಲ್ಲಿ ಪ್ರತಿ ತಲೆಮಾರೂ ಒಂದು ಉತ್ತರ ಕಂಡುಕೊಂಡಿತು. ಆ ಉತ್ತರದ ಹೊಟ್ಟೆಯಿಂದಲೇ ಮುಂದಿನ ತಲೆಮಾರಿಗೆ ಹೊಸ ಪ್ರಶ್ನೆ ಹುಟ್ಟಿತು. ಆ ಸರಪಳಿ ಇವತ್ತಿಗೂ ಮುಗಿದಿಲ್ಲ.

ಹಿಡಿಯಬೇಕು, ಬಿಡಲೂ ಬೇಕು

ಮೊದಲು ಕಷ್ಟ ಎಲ್ಲಿದೆ ನೋಡಿ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ನಮ್ಮ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಬಹುಕಾಲ ಬಳಸಿದ 13 ಮೀಟರ್ ಹಳಿ 40 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಡುಮಧ್ಯಾಹ್ನ ಹಳಿಯ ಮೈ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹಾಗಾಗಿ ಎರಡು ಹಳಿಗಳ ನಡುವೆ ತೆರಪು ಬಿಡಲೇಬೇಕು.

ತೆರಪು ಬಿಟ್ಟಿರೋ, ಗಾಲಿಯ ಪಾಲಿಗೆ ಅದು ಗುಂಡಿ. ಗಾಲಿ ಹಳಿಯನ್ನು ಮುಟ್ಟುವ ಜಾಗ ಕಿರುಬೆರಳಿನ ಉಗುರಿನಷ್ಟು. ಭರ್ತಿ ತುಂಬಿದ ಗೂಡ್ಸ್ ರೈಲಾದರೆ ಅಷ್ಟು ಜಾಗದ ಮೇಲೆ ಹತ್ತು ಟನ್ನಿಗೂ ಮೀರಿದ ಭಾರ. ಸಂದಿಗೆ ಬಂದಾಗ ಹಿಂದಿನ ಹಳಿಯ ತುದಿ ಆ ಭಾರಕ್ಕೆ ಕೆಳಕ್ಕೆ ಬಾಗುತ್ತದೆ; ಗಾಲಿ ಹೋಗಿ ಮುಂದಿನ ಹಳಿಯ ತುದಿಗೆ ಬಡಿಯುತ್ತದೆ. ಚಿಕ್ಕವರಿದ್ದಾಗ ಕಿಟಕಿ ಪಕ್ಕ ಕೂತು ಕೇಳಿ ಖುಷಿಪಟ್ಟ ಆ 'ಟಡಕ್ ಟಡಕ್' ಸದ್ದು ಈ ಏಟಿನದು.

ಏಟುಗಳ ಲೆಕ್ಕ ಹಾಕಿ. 24 ಬೋಗಿಗಳ ಒಂದು ರೈಲು ಹಾದುಹೋದರೆ, ಎಂಜಿನ್ ಬಿಟ್ಟು, ಒಂದು ಸಂದಿಗೆ 96 ಏಟು. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರ್. 13 ಮೀಟರ್ ಹಳಿಗಳನ್ನೇ ಹಾಸಿದರೆ ಒಂದು ಜೋಡಿ ಹಳಿಯ ಮಾರ್ಗದಲ್ಲಿ 21 ಸಾವಿರ ಸಂದು. ಪ್ರತಿ ಏಟಿಗೂ ಹಳಿಯ ತುದಿ ಒಂದಿಷ್ಟು ಚಪ್ಪಟೆಯಾಗುತ್ತದೆ, ಕೆಳಗಿನ ಜಲ್ಲಿ ಒಂದಿಷ್ಟು ಪುಡಿಯಾಗುತ್ತದೆ, ಸ್ಲೀಪರ್ ಒಂದಿಷ್ಟು ಕುಸಿಯುತ್ತದೆ. ಕುಸಿದಷ್ಟೂ ಮುಂದಿನ ಏಟು ಜೋರಾಗುತ್ತದೆ. ಒಮ್ಮೆ ಶುರುವಾದ ತಗ್ಗು ತಾನಾಗಿ ನಿಲ್ಲುವುದಿಲ್ಲ.

ಅಂದರೆ ಸಂದಿನ ವಿನ್ಯಾಸಕ್ಕೆ ಕೂತವನ ಮುಂದೆ ಎರಡು ವಿರುದ್ಧ ಬೇಡಿಕೆಗಳು. ಮೇಲೆ ಕೆಳಗೆ, ಅಕ್ಕಪಕ್ಕ ಎರಡೂ ಹಳಿಗಳು ಒಂದೇ ಹಳಿಯಂತೆ ನಿಲ್ಲಬೇಕು. ಉದ್ದಕ್ಕೆ ಮಾತ್ರ ಜಾರಲು ಬಿಡಬೇಕು. ಬಿಗಿದರೆ ಬಿಸಿಲಿಗೆ ಹಳಿ ಡೊಂಕಾಗುತ್ತದೆ, ಸಡಿಲ ಬಿಟ್ಟರೆ ಏಟಿಗೆ ಮುರಿಯುತ್ತದೆ. ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಚೆಂದದ ಸವಾಲು ಎಲ್ಲಿ ಸಿಗುತ್ತದೆ ಹೇಳಿ!

ಗಾಡಿ ಕಟ್ಟುವ ಮನೆತನದವನ ಉಪಾಯ

ಇಂಗ್ಲೆಂಡಿನ ಮೊದಮೊದಲ ರೈಲುಮಾರ್ಗಗಳಲ್ಲಿ ಹಳಿಯ ತುದಿಗಳನ್ನು ಎರಕದ ಕಬ್ಬಿಣದ ಪೀಠದೊಳಗೆ ಕೂರಿಸಿ ಬೆಣೆ ಹೊಡೆಯುತ್ತಿದ್ದರು. ಏಟು ಬಿದ್ದು ಬಿದ್ದು ಬೆಣೆ ಸಡಿಲವಾಗುತ್ತಿತ್ತು, ಪೀಠ ಸೀಳುತ್ತಿತ್ತು. ಇದಕ್ಕೆ ಮದ್ದು ಹುಡುಕಿದವನು ವಿಲಿಯಂ ಬ್ರಿಜಸ್ ಆಡಮ್ಸ್. ಕುದುರೆಗಾಡಿ ಕಟ್ಟುವ ಮನೆತನದವನು. ಎಂಜಿನಿಯರಿಂಗ್ ಜೊತೆಗೇ 'ಜೂನಿಯಸ್ ರೆಡಿವೈವಸ್' ಎಂಬ ಹೆಸರಿನಲ್ಲಿ ರಾಜಕೀಯ ಸುಧಾರಣೆಯ ಲೇಖನಗಳನ್ನೂ ಬರೆಯುತ್ತಿದ್ದ. 1847ರಲ್ಲಿ ಅವನು ಪೇಟೆಂಟ್ ಪಡೆದ ಜೋಡಣೆಯೇ ಇವತ್ತು ಎಲ್ಲರೂ ಫಿಶ್‌ಪ್ಲೇಟ್ ಎಂದು ಕರೆಯುವ ಪಟ್ಟಿ.

ನೋಡಲು ಅದು ಬರೀ ಎರಡು ಉಕ್ಕಿನ ಪಟ್ಟಿ, ನಾಲ್ಕಾರು ಬೋಲ್ಟು. ಆದರೆ ಹತ್ತಿರದಿಂದ ನೋಡಿ. ಹಳಿಯನ್ನು ಅಡ್ಡಲಾಗಿ ಕೊಯ್ದರೆ ಮೇಲೆ ದಪ್ಪ ತಲೆ, ನಡುವೆ ತೆಳು ಸೊಂಟ, ಕೆಳಗೆ ಅಗಲ ಪಾದ. ತಲೆಯ ಅಡಿಭಾಗವೂ ಪಾದದ ಮೇಲ್ಭಾಗವೂ ಓರೆಯಾಗಿವೆ. ಫಿಶ್‌ಪ್ಲೇಟಿನ ಮೇಲಂಚು ತಲೆಯ ಓರೆಗೆ, ಕೆಳಂಚು ಪಾದದ ಓರೆಗೆ ಕೂರುತ್ತದೆ. ಹಳಿಯ ಸೊಂಟಕ್ಕೆ ಅದು ತಾಗುವುದೇ ಇಲ್ಲ. ಬೋಲ್ಟು ಬಿಗಿದಷ್ಟೂ ಪಟ್ಟಿ ಎರಡು ಓರೆಗಳ ನಡುವೆ ಬೆಣೆಯಾಗಿ ಒಳಸೇರುತ್ತದೆ. ಮೇಲಿನಿಂದ ಬಂದ ಭಾರ ಬೋಲ್ಟಿನ ಮೇಲೆ ಬೀಳದೆ ಓರೆಗಳ ಮೇಲೆ ಬೀಳುತ್ತದೆ. ಬೋಲ್ಟಿನ ತೂತು ಬೋಲ್ಟಿಗಿಂತ ಒಂಚೂರು ದೊಡ್ಡದು; ಹಳಿ ಉದ್ದಕ್ಕೆ ಜಾರಲು ಅಷ್ಟು ಎಡೆ ಸಾಕು. ಹಿಡಿಯಬೇಕು, ಬಿಡಲೂ ಬೇಕು ಎಂಬ ಎರಡೂ ಬೇಡಿಕೆಗಳನ್ನು ಒಂದು ಓರೆ, ಒಂದು ತೂತು ತೀರಿಸಿಬಿಟ್ಟವು. ದುಬಾರಿ ಲೋಹವಿಲ್ಲ, ಹೊಸ ಯಂತ್ರವಿಲ್ಲ. ಇದ್ದದ್ದು ಬರೀ ತಲೆ ಓಡಿಸಿದ ಆಕಾರ.

ಈ ಉತ್ತರ 175 ವರ್ಷ ದುಡಿದಿದೆ. ಅದರ ಮಿತಿಗಳೂ ಅಷ್ಟೇ ಹಳೆಯವು. ಎರಡು ಪಟ್ಟಿ ಸೇರಿದರೂ ಇಡೀ ಹಳಿಯಷ್ಟು ಬಿಗುವು ಬರುವುದಿಲ್ಲ. ಬೋಲ್ಟಿಗಾಗಿ ಕೊರೆದ ತೂತಿನ ಅಂಚಿನಿಂದಲೇ ಸಣ್ಣ ಬಿರುಕು ನಕ್ಷತ್ರದಂತೆ ಓರೆಯಾಗಿ ಹೊರಡುತ್ತದೆ. ಮೇಲೆ ಪಟ್ಟಿ ಮುಚ್ಚಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಓರೆಗಳು ಉಜ್ಜಿ ಸವೆದರೆ ಬೆಣೆ ಸಡಿಲ. ಅದಕ್ಕೇ ಪಟ್ಟಿ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಬಿಗಿಯುವ ಕೆಲಸ ವರ್ಷ ವರ್ಷವೂ ನಡೆಯಬೇಕು. ಅದಕ್ಕೇ ಕೀಮ್ಯಾನ್ ಸ್ಪ್ಯಾನರ್, ಸುತ್ತಿಗೆ, ಕೆಂಪು ಬಾವುಟ ಹಿಡಿದು ದಿನವೂ ತನ್ನ ಪಾಲಿನ ಮಾರ್ಗವನ್ನು ನಡೆದು ನೋಡಬೇಕು.

ಈ ಕೆಲಸ ತಪ್ಪಿದರೆ ಏನಾಗುತ್ತದೆ? 2013ರ ಜುಲೈ 12ರಂದು ಪ್ಯಾರಿಸ್‌ನಿಂದ ಲಿಮೋಜ್ ಕಡೆ ಹೊರಟಿದ್ದ ರೈಲು ಬ್ರೆತಿನ್ಯಿ ನಿಲ್ದಾಣದಲ್ಲಿ ಹಳಿ ತಪ್ಪಿತು. ಅಲ್ಲಿನ ಕ್ರಾಸಿಂಗ್‌ನಲ್ಲಿದ್ದ ಒಂದು ಫಿಶ್‌ಪ್ಲೇಟ್ ಬೋಲ್ಟುಗಳ ಹಿಡಿತ ಕಳೆದುಕೊಂಡು, ತಿರುಗಿ, ಗಾಲಿ ಹಾಯುವ ಸಂದಿಗೆ ಸಿಕ್ಕಿಕೊಂಡಿತ್ತು. ಏಳು ಜನ ಸತ್ತರು. ರೈಲು ತಂತ್ರಜ್ಞಾನದಲ್ಲಿ ಜಗತ್ತಿಗೇ ಹೆಸರಾದ ದೇಶದಲ್ಲಿ, ಈ ಶತಮಾನದಲ್ಲಿ, ಒಂದು ಪಟ್ಟಿ ಮತ್ತು ಕೆಲವು ಬೋಲ್ಟುಗಳಿಂದ! ಸಣ್ಣ ಕೆಲಸ ಎಂದು ಯಾರಾದರೂ ಮೂಗು ಮುರಿದರೆ ಬ್ರೆತಿನ್ಯಿಯ ಹೆಸರು ಹೇಳಿ.

ಬೆಂಕಿ ಕೊಟ್ಟ ಉತ್ತರ

ಸಂದೇ ಇಲ್ಲದಂತೆ ಮಾಡಿದರೆ? ಈ ದಾರಿ ತೆರೆದವರಲ್ಲಿ ಒಬ್ಬ ಜರ್ಮನಿಯ ರಸಾಯನ ವಿಜ್ಞಾನಿ ಹಾನ್ಸ್ ಗೋಲ್ಡ್‌ಶ್ಮಿಟ್. ಅವನು ಹೊರಟದ್ದು ಹಳಿ ಬೆಸೆಯಲು ಅಲ್ಲವೇ ಅಲ್ಲ. ಇಂಗಾಲ ಬೆರೆಯದ ಶುದ್ಧ ಲೋಹ ಪಡೆಯಲು. ಅಲ್ಯೂಮಿನಿಯಂ ಪುಡಿಯನ್ನೂ ಕಬ್ಬಿಣದ ಆಕ್ಸೈಡನ್ನೂ ಬೆರೆಸಿ ಕಿಡಿ ಕೊಟ್ಟರೆ, ಅಲ್ಯೂಮಿನಿಯಂ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಸುಮಾರು 2500 ಡಿಗ್ರಿ ಶಾಖದಲ್ಲಿ ಕಬ್ಬಿಣ ಕರಗಿ ಕೆಳಗಿಳಿಯುತ್ತದೆ. 1895ರಲ್ಲಿ ಪೇಟೆಂಟ್ ಸಿಕ್ಕಿತು. 1899ರಲ್ಲಿ ಎಸೆನ್ ನಗರದ ಟ್ರಾಮ್ ಹಳಿಗಳನ್ನು ಇದೇ ವಿಧಾನದಲ್ಲಿ ಬೆಸೆದರು. ವಿದ್ಯುತ್ ಇಲ್ಲದ ಕಡೆಯಲ್ಲೂ ಮಾಡಬಹುದಾದ ಈ ಥರ್ಮಿಟ್ ಬೆಸುಗೆ ಇಂದಿಗೂ ನಮ್ಮ ಮಾರ್ಗಗಳಲ್ಲಿ ನಡೆಯುತ್ತಿದೆ.

ಒಂದು ಬೆಸುಗೆ ಹೇಗೆ ಆಗುತ್ತದೆ ಕೇಳಿ. ಎರಡು ಹಳಿಗಳ ನಡುವೆ 25 ಮಿಲಿಮೀಟರ್ ತೆರಪು ಬಿಟ್ಟು, ಮೀಟರ್ ಉದ್ದದ ನೇರಪಟ್ಟಿ ಇಟ್ಟು ಸಾಲು ನೋಡುತ್ತಾರೆ. ಎರಡೂ ತುದಿಗಳನ್ನು ತುಸು ಮೇಲಕ್ಕೆತ್ತಿ ನಿಲ್ಲಿಸುತ್ತಾರೆ, ಏಕೆಂದರೆ ತಣ್ಣಗಾಗುವಾಗ ಬೆಸುಗೆ ಕುಗ್ಗಿ ತಗ್ಗಾಗುತ್ತದೆ. ಸುತ್ತ ಅಚ್ಚು ಕಟ್ಟಿ, ಮರಳು ಮೆತ್ತಿ, ತುದಿಗಳನ್ನು ಕೆಂಪಗೆ ಕಾಯಿಸುತ್ತಾರೆ. ಮೇಲಿನ ಮೂಸೆಯಲ್ಲಿ ಮಿಶ್ರಣಕ್ಕೆ ಕಿಡಿ ಕೊಟ್ಟ ಕೆಲವೇ ಕ್ಷಣಗಳಲ್ಲಿ ಉಕ್ಕು ಕುದಿದು ಅಚ್ಚಿಗಿಳಿಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ಆಮೇಲೆ ಹೆಚ್ಚುವರಿ ಲೋಹ ಕತ್ತರಿಸಿ, ತಲೆಯ ಮೇಲ್ಮೈಯನ್ನು ಉಜ್ಜಿ ನಯ ಮಾಡಬೇಕು. ಮತ್ತೆ ಅದೇ ನೇರಪಟ್ಟಿ ಇಟ್ಟು ನೋಡಿದರೆ ಉಬ್ಬು 1 ಮಿಲಿಮೀಟರ್ ಮೀರಬಾರದು, ತಗ್ಗಂತೂ ಇರಲೇಬಾರದು. ಮುಂದಿನ ರೈಲು ಬರುವುದರೊಳಗೆ, ಬಿಸಿಲಲ್ಲೋ ನಡುರಾತ್ರಿಯಲ್ಲೋ, ಕೊಟ್ಟ ಗಳಿಗೆಯೊಳಗೆ ಇಷ್ಟೂ ಮುಗಿಯಬೇಕು. ಅದಾದ ಮೇಲೆ ಬೆಸುಗೆಯ ಪಕ್ಕದಲ್ಲಿ ಒಂದು ಗುರುತು ಬೀಳುತ್ತದೆ: ತಿಂಗಳು, ವರ್ಷ, ಬೆಸುಗೆಯ ಸಂಖ್ಯೆ, ಬೆಸೆದವನ ಸಂಕೇತ. ಮುಂದೆ ಆ ಬೆಸುಗೆ ಕೈಕೊಟ್ಟರೆ ಯಾರ ಕೈಯದು ಎಂದು ತಿಳಿಯುತ್ತದೆ. ಕೈಕೊಡದೆ ವರ್ಷಗಟ್ಟಲೆ ಲಕ್ಷಾಂತರ ಗಾಲಿಗಳನ್ನು ಹೊತ್ತರೆ, ಆ ಹೆಮ್ಮೆಯೂ ಅದೇ ಕೈಯದು. ಐಟಿಐಯಲ್ಲಿ ವೆಲ್ಡಿಂಗ್ ಕಲಿಯುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ವಿದ್ಯೆಯ ಬೆಲೆ ಇಷ್ಟು. ಅದನ್ನು ಯಾರೂ ಕಡಿಮೆ ಮಾಡಿ ಹೇಳದಂತೆ ನೋಡಿಕೊಳ್ಳಿ.

ಸಂದು ಕಡಿಮೆ ಮಾಡುವ ಇನ್ನೊಂದು ದಾರಿ ಉದ್ದ ಹಳಿ. ಭಿಲಾಯಿ ಉಕ್ಕಿನ ಕಾರ್ಖಾನೆ 130 ಮೀಟರ್ ಉದ್ದದ ಹಳಿ ತಯಾರಿಸುತ್ತದೆ. ಎರಡನ್ನು ಬೆಸೆದು 260 ಮೀಟರಿನ ಹಳಿಯಾಗಿ ಕಳಿಸುತ್ತದೆ. ಹಾಸಿದ ಮೇಲೆ ಅವನ್ನೂ ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ಹಳಿ ಮಾಡುತ್ತಾರೆ. ಈಗಿನ ಪಯಣದಲ್ಲಿ ಟಡಕ್ ಟಡಕ್ ಸದ್ದು ಅಪರೂಪವಾಗಿದ್ದು ಇದರಿಂದ.

ಹಳಿಯೊಳಗೆ ಸೇರಿಕೊಂಡ ಬಲ

ಸಂದು ಹೋಯಿತು. ಹಿಗ್ಗು ಕುಗ್ಗು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ, ಹಳಿಯೊಳಗೇ ಬಲವಾಗಿ ಕೂತಿತು. 60 ಕಿಲೋ ಹಳಿ ಜರುಗದಂತೆ ಹಿಡಿದಿಟ್ಟರೆ, ಒಂದೊಂದು ಡಿಗ್ರಿ ಶಾಖ ಏರಿದಾಗಲೂ ಅದರೊಳಗೆ ಸುಮಾರು 1.9 ಟನ್ ಒತ್ತಡ ಹುಟ್ಟುತ್ತದೆ. 30 ಡಿಗ್ರಿ ಏರಿದರೆ 57 ಟನ್. ಕಾಂಕ್ರೀಟ್ ಸ್ಲೀಪರ್, ಅದರ ಕ್ಲಿಪ್ಪುಗಳು, ಎರಡೂ ಬದಿಗೆ ಒತ್ತಿ ತುಂಬಿದ ಜಲ್ಲಿ ಈ ಬಲವನ್ನು ತಡೆದು ನಿಲ್ಲಿಸಿರುತ್ತವೆ. ಜಲ್ಲಿ ಕಡಿಮೆಯಾದ ಕಡೆ ಬೇಸಿಗೆಯಲ್ಲಿ ಮಾರ್ಗ ಹಾವಿನಂತೆ ಡೊಂಕಾಗುತ್ತದೆ. ಚಳಿಗಾಲದ ರಾತ್ರಿ ಇದರ ತಿರುವುಮುರುವು: ಹಳಿ ಕುಗ್ಗಲು ಎಳೆಯುತ್ತದೆ, ಎಲ್ಲಿ ಬೆಸುಗೆ ದುರ್ಬಲವೋ, ಎಲ್ಲಿ ಬಿರುಕು ಅಡಗಿದೆಯೋ ಅಲ್ಲಿ ಕಡಿದುಕೊಳ್ಳುತ್ತದೆ. ಬಿಸಿಲಿಗೂ ಚಳಿಗೂ ಗ್ಯಾಂಗ್‌ಮನ್‌ಗಳು ಪ್ರತ್ಯೇಕ ಗಸ್ತು ತಿರುಗುವುದು ಈ ಭಯಕ್ಕೆ.

ಈ ಭಯ ಸುಳ್ಳಲ್ಲ. 1998ರ ನವೆಂಬರ್ 26ರ ನಸುಕಿನಲ್ಲಿ ಪಂಜಾಬಿನ ಖನ್ನಾ ಬಳಿ ಮುರಿದ ಹಳಿಯಿಂದ ಒಂದು ರೈಲಿನ ಬೋಗಿಗಳು ಪಕ್ಕದ ಮಾರ್ಗಕ್ಕೆ ಉರುಳಿದವು. ಎದುರಿನಿಂದ ಬಂದ ಜಮ್ಮು–ಸಿಯಾಲ್ದಾ ಎಕ್ಸ್‌ಪ್ರೆಸ್ ಅವುಗಳಿಗೆ ಅಪ್ಪಳಿಸಿತು. 200ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಅವರಲ್ಲಿ ಒಬ್ಬರಿಗೂ ತಾವು ಹೋಗುತ್ತಿದ್ದ ಹಳಿಯೊಳಗೆ ಏನಾಗುತ್ತಿದೆ ಎಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅದನ್ನು ತಿಳಿಯಬೇಕಾದವರು ಎಂಜಿನಿಯರುಗಳು. ಅಂದರೆ ನಾಳೆ ನೀವು.

ನಿಮ್ಮ ಪಾಲಿಗೆ ಬಿಟ್ಟ ಪ್ರಶ್ನೆಗಳು

ಈಗ ನೇರ ವಿಷಯಕ್ಕೆ ಬರುತ್ತೇನೆ. ಜಗತ್ತಿನ ಜಾಣರಿಗೆ ಇನ್ನೂ ಪೂರ್ತಿ ಬಗೆಹರಿಯದ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ಹಾಸಿದ ಹಳಿಯೊಳಗೆ ಈ ಕ್ಷಣ ಎಷ್ಟು ಬಲ ಕೂತಿದೆ? ಯಾವ ಶಾಖದಲ್ಲಿ ಅದು ಒತ್ತಡವೂ ಇಲ್ಲದೆ, ಎಳೆತವೂ ಇಲ್ಲದೆ ಇರುತ್ತದೆ? ಹಳಿಯನ್ನು ಕತ್ತರಿಸಿದರೆ, ಇಲ್ಲವೇ ಕ್ಲಿಪ್ಪು ಬಿಚ್ಚಿ ಎತ್ತಿ ನೋಡಿದರೆ ತಿಳಿಯುತ್ತದೆ. ಕತ್ತರಿಸದೆ, ಬಿಚ್ಚದೆ, ನಡೆದುಹೋಗುತ್ತಲೇ ನಂಬುವಂತೆ ಅಳೆಯುವ ಅಗ್ಗದ ಉಪಾಯಕ್ಕೆ ಇನ್ನೂ ಹುಡುಕಾಟ ನಡೆದಿದೆ. ಭೌತವಿಜ್ಞಾನ ಇಷ್ಟಪಡುವವರಿಗೆ ಇದು ಜೀವಮಾನದ ಕೆಲಸ.

ಎರಡನೆಯದು: ಬೆಸುಗೆಯ ಎರಡೂ ಬದಿಗೆ ಶಾಖ ತಾಗಿದ ಉಕ್ಕು ಮೆತ್ತಗಾಗುತ್ತದೆ. ಗಾಲಿಗಳು ಉರುಳಿ ಉರುಳಿ ಅಲ್ಲೇ ತಗ್ಗು ಬೀಳುತ್ತದೆ. ಹಳಿಯ ಉಕ್ಕು ಗಡುಸಾದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಸುಗೆಯನ್ನೂ ಹಳಿಯನ್ನೂ ಒಂದೇ ಹದಕ್ಕೆ ತರುವುದು ಲೋಹವಿಜ್ಞಾನ ಓದುವವರ ಕೆಲಸ.

ಮೂರನೆಯದು: ಕೆಲವು ಕಡೆ ಸಂದು ಬೇಕೇ ಬೇಕು. ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಸಿ ರೈಲು ಬಂದಿರುವುದನ್ನು ಸಿಗ್ನಲ್ಲಿಗೆ ತಿಳಿಸುವ ಟ್ರ್ಯಾಕ್ ಸರ್ಕ್ಯೂಟನ್ನು ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ರೂಪಿಸಿದ. ಅದಕ್ಕಾಗಿ ವಿದ್ಯುತ್ ದಾಟದಂತೆ ಹಳಿಗಳ ನಡುವೆ ನಿರೋಧಕ ತುಂಡಿಟ್ಟು ಅಂಟಿನಿಂದ ಬಂಧಿಸುತ್ತಾರೆ. ಮಾರ್ಗದ ಇತರ ಎಷ್ಟೋ ಭಾಗಗಳಿಗಿಂತ ಇದು ಬೇಗ ಸವೆಯುತ್ತದೆ. ಹಳಿಯ ತಲೆ ಗಾಲಿಯ ಭಾರಕ್ಕೆ ಹರಡಿ, ತೆರಪು ದಾಟಿ ಎದುರಿನ ಹಳಿಗೆ ತಾಗಿದರೆ ಸಿಗ್ನಲ್ ಕೆಡುತ್ತದೆ. ಹೊಸ ಅಂಟು, ಹೊಸ ನಾರು, ಓರೆಯಾಗಿ ಕೊಯ್ದ ತುದಿ, ಹೀಗೆ ಪ್ರಯೋಗಕ್ಕೆ ಬೇಕಾದಷ್ಟು ಅವಕಾಶವಿದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮಳೆಯನ್ನೂ ರಾಯಚೂರಿನ ಬಿಸಿಲನ್ನೂ ತಾಳುವ ಅಂಟಿನ ಬಗ್ಗೆ ಯೋಚಿಸಲು ಅವೆರಡನ್ನೂ ಕಂಡ ನಿಮಗಿಂತ ಅರ್ಹರು ಯಾರು?

ನಾಲ್ಕನೆಯದು: ಹಳಿ ಮುರಿದ ಕೂಡಲೇ ತಿಳಿಯುವುದು ಹೇಗೆ? ಟ್ರ್ಯಾಕ್ ಸರ್ಕ್ಯೂಟ್ ಇದ್ದರೆ ವಿದ್ಯುತ್ ಕಡಿದು ಎಷ್ಟೋ ಸಲ ಸುಳಿವು ಸಿಗುತ್ತದೆ. ಗಾಲಿ ಎಣಿಸುವ ಆಕ್ಸಲ್ ಕೌಂಟರ್ ಇದ್ದಲ್ಲಿ ಅದು ಸಿಗುವುದಿಲ್ಲ. ಅದು ಎಣಿಸುವುದು ಗಾಲಿಯನ್ನು, ನೋಡುವುದಿಲ್ಲ ಹಳಿಯನ್ನು. ಧ್ವನಿಯಿಂದಲೋ ಕಂಪನದಿಂದಲೋ ದೂರದಲ್ಲೇ ಕುಳಿತು ಮುರಿತ ಪತ್ತೆ ಮಾಡುವುದು ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿಜ್ಞಾನ ಓದುವವರಿಗೆ ಹೇಳಿ ಮಾಡಿಸಿದ ಕೆಲಸ.

ಇವು ನನ್ನೊಬ್ಬನ ಆಸೆಗಳಲ್ಲ. ರೈಲ್ವೆ ಸಚಿವಾಲಯ 2022ರ ಜೂನ್‌ನಲ್ಲಿ ನವೋದ್ಯಮಗಳಿಗಾಗಿ ಹೊಸ ನೀತಿ ತಂದಾಗ ಮುಂದಿಟ್ಟ ಮೊದಲ ಪ್ರಶ್ನೆಗಳ ಪಟ್ಟಿಯಲ್ಲೇ ಮುರಿದ ಹಳಿಯ ಪತ್ತೆಯೂ ಹಳಿಯ ಒತ್ತಡ ಅಳೆಯುವ ವ್ಯವಸ್ಥೆಯೂ ಇದ್ದವು. ಒಳ್ಳೆಯ ಯೋಚನೆಗೆ 1.5 ಕೋಟಿ ರೂಪಾಯಿವರೆಗೆ ಸಮಪಾಲಿನ ನೆರವು ಕೊಡುವುದಾಗಿಯೂ ಆ ನೀತಿ ಹೇಳಿತು.

ಎಲ್ಲಿಂದ ಶುರು ಮಾಡಬೇಕು? ಕಣ್ಣಿನಿಂದ. ಹಳಿಗಿಳಿಯಬೇಡಿ, ಅದು ಅಪಾಯ, ಅಪರಾಧವೂ ಹೌದು. ಪ್ಲಾಟ್‌ಫಾರ್ಮಿನ ಅಂಚಿನಿಂದ ಹಿಂದೆಯೇ ನಿಂತು ನೋಡಿದರೂ ಬೆಸುಗೆಯ ಸುತ್ತ ಉಬ್ಬಿದ ಕೊರಳು ಕಾಣುತ್ತದೆ. ಕೆಲವು ಬೆಸುಗೆಗಳಿಗೆ ನಡುವೆ ಹೊರಬಾಗಿದ ಫಿಶ್‌ಪ್ಲೇಟನ್ನು ಕಾವಲಿಗೆ ಕಟ್ಟಿರುತ್ತಾರೆ. ಆ ಬಾಗು ಏಕೆ ಎಂದು ಕೇಳಿಕೊಳ್ಳಿ, ಕೊರಳಿಗೆ ಎಡೆ ಬಿಡಲು ಎಂದು ನಿಮಗೇ ಹೊಳೆಯುತ್ತದೆ. ಆಮೇಲೆ ಕೈಯಿಂದ. ಕಾಲೇಜಿನ ವರ್ಕ್‌ಶಾಪಿನಲ್ಲಿ ಸಣ್ಣ ಉಕ್ಕಿನ ಪಟ್ಟಿಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ, ಎರಡು ಆಧಾರಗಳ ಮೇಲಿಟ್ಟು, ನಡುವೆ ಭಾರ ಹೇರಿ ಮುರಿದು ನೋಡಿ. ಹಳಿಯ ಬೆಸುಗೆಯನ್ನು ಪರೀಕ್ಷಿಸುವುದೂ ಇದೇ ತತ್ತ್ವದ ಮೇಲೆ. ಮುರಿದ ಮುಖವನ್ನು ಎಸೆಯಬೇಡಿ, ಭೂತಗನ್ನಡಿ ಹಿಡಿದು ಓದಿ. ಬಿರುಕು ಎಲ್ಲಿ ಹುಟ್ಟಿತು, ಯಾವ ಕಡೆ ನಡೆಯಿತು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಲಖನೌದಲ್ಲಿ ರೈಲ್ವೆಗಾಗಿ ಸಂಶೋಧನೆ ನಡೆಸುವ ಆರ್‌ಡಿಎಸ್‌ಒ ಸಂಸ್ಥೆ ರೂಪಿಸಿರುವ ಮಾನದಂಡಗಳನ್ನು ಹುಡುಕಿ ಓದಿ, ಒಂದೊಂದು ಅಂಕಿಯ ಹಿಂದೆಯೂ ಕಾರಣ ಕೇಳಿ. ಅವಕಾಶ ಸಿಕ್ಕಾಗ ಹಳೆಯ ಗ್ಯಾಂಗ್‌ಮನ್ ಒಬ್ಬರ ಜೊತೆ ಗೌರವದಿಂದ ಮಾತಿಗೆ ಕೂರಿ. ಸುತ್ತಿಗೆಯ ಸದ್ದಿನಲ್ಲೇ ಸಡಿಲ ಬೋಲ್ಟನ್ನು ಗುರುತಿಸುವ ಅವರ ಅನುಭವ ಯಾವ ಪಠ್ಯದಲ್ಲೂ ಸಿಗುವುದಿಲ್ಲ.

ಸೋಲು ಬರುತ್ತದೆ. ಹತ್ತು ಮಾದರಿ ಮಾಡಿದರೆ ಒಂಬತ್ತು ಮುರಿಯಬಹುದು. ಮುರಿಯಲೆಂದೇ ಮಾದರಿ ಮಾಡುವುದು! ಪ್ರಯೋಗಾಲಯದಲ್ಲಿ ಮುರಿದದ್ದು ಮಾರ್ಗದಲ್ಲಿ ಮುರಿಯುವುದನ್ನು ತಪ್ಪಿಸುತ್ತದೆ. ಹೆಸರು ಬರುತ್ತದೆಯೇ ಎಂದರೆ, ಬರದೆಯೂ ಇರಬಹುದು. ಗಟ್ಟಿಯಾದ ಸಂದಿನ ಮೇಲೆ ಹಾದುಹೋಗುವ ಪ್ರಯಾಣಿಕ ಅದನ್ನು ಗಮನಿಸುವುದೇ ಇಲ್ಲ. ನಿದ್ದೆಯಿಂದ ಎದ್ದು ತನ್ನ ಊರಲ್ಲಿ ಇಳಿಯುತ್ತಾನೆ. ಲಕ್ಷಾಂತರ ಜನರನ್ನು ಹಾಗೆ ಊರು ಮುಟ್ಟಿಸುವ ಕೆಲಸಕ್ಕಿಂತ ದೊಡ್ಡದು ಯಾವುದಿದೆ?

ಆಡಮ್ಸ್ ಒಂದು ಓರೆಯಿಂದ, ಗೋಲ್ಡ್‌ಶ್ಮಿಟ್ ಒಂದು ಹಿಡಿ ಪುಡಿಯಿಂದ ತಮ್ಮ ತಮ್ಮ ಕಾಲದ ಪ್ರಶ್ನೆಗೆ ಉತ್ತರ ಕೊಟ್ಟರು. ನಿಮ್ಮ ಕಾಲದ ಪ್ರಶ್ನೆಗಳು ಮೇಲಿವೆ. ಅವರಿಗಿಲ್ಲದ ಸಲಕರಣೆ, ಅವರಿಗಿಲ್ಲದ ಗಣಕ ನಿಮ್ಮ ಬಳಿ ಇವೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ವೆಲ್ಡಿಂಗ್ ಎಂದು ಬೇರೆ ಬೇರೆ ಕೂರದೆ ನಾಲ್ಕು ಜನ ಒಟ್ಟಾಗಿ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವ ಗೊಡವೆ ಬಿಡಿ. ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳಿ, ಈ ವಾರವೇ ಮೊದಲ ಮಾದರಿ ಮಾಡಿ, ಮುರಿದು ನೋಡಿ. ಮುರಿದದ್ದೇಕೆ ಎಂದು ತಿಳಿದುಕೊಂಡು ಎರಡನೆಯದನ್ನು ಅದಕ್ಕಿಂತ ಗಟ್ಟಿಯಾಗಿ ಮಾಡಿ.